ಗೋವಿನಜೋಳ: ಎಕರೆಗೆ ಎಷ್ಟು ಬೀಜ?

ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಯಲ್ಲಿ ಬಿತ್ತನೆಯ ಒಂದು ಸಣ್ಣ ಲೆಕ್ಕದ ಇತಿಹಾಸವನ್ನು ಬರೆಯಬೇಕೆಂದು ನಮಗೆ ಅನ್ನಿಸಿತು. ರೋಹಿಣಿ ಮಳೆ ಬಿತ್ತೆಂದರೆ "ಗೋವಿನಜೋಳ ಎಕರೆಗೆ ಎಷ್ಟ ಹಾಕಬೇಕ್ರಿ?" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಪ್ರಶ್ನೆ ಒಂದೇ, ಆದರೆ ಉತ್ತರ ಹೊಲಕ್ಕೊಂದು. ಅದು ಯಾಕೆ ಹಾಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗೋವಿನಜೋಳ ನಮ್ಮ ನೆಲದ ಮೂಲ ಬೆಳೆಯಲ್ಲ. ಅದರ ತವರು ಮೆಕ್ಸಿಕೋ ದೇಶ. ಪೋರ್ಚುಗೀಸರ ಕಾಲದಲ್ಲಿ ಅದು ಭಾರತಕ್ಕೆ ಬಂದಿತೆಂದು ಇತಿಹಾಸಕಾರರು ಹೇಳುತ್ತಾರೆ. ಮೈಸೂರು ಸೀಮೆಯವರು ಅದನ್ನೇ ಮುಸುಕಿನ ಜೋಳ ಅನ್ನುತ್ತಾರೆ, ಸರಕಾರದ ಕಾಗದದಲ್ಲಿ ಮೆಕ್ಕೆಜೋಳ. ಧಾರವಾಡ-ಹುಬ್ಬಳ್ಳಿ ಕಡೆ ಹಿಂದಿನಿಂದ ನಡೆದು ಬಂದ ಬೆಳೆಗಳೆಂದರೆ ಬಿಳಿಜೋಳ, ಹತ್ತಿ, ಕಡಲೆ, ಶೇಂಗಾ. ಬೀಜ ಮನೆಯದೇ. ಹಗೇವಿನಿಂದಲೋ ಗಡಿಗೆಯಿಂದಲೋ ತೆಗೆದು, ಕೂರಿಗೆಯ ಬಟ್ಟಲಿಗೆ ಹಿಡಿ ಹಿಡಿಯಾಗಿ ಬಿಡುತ್ತಿದ್ದರು. ಹೆಚ್ಚು ಬಿದ್ದರೆ ಎಡೆ ಹೊಡೆಯುವಾಗ ತೆಳುವು ಮಾಡಿ, ಕಿತ್ತದ್ದನ್ನು ದನಕ್ಕೆ ಹಾಕಿದರಾಯಿತು. ಮನೆಯ ಕಾಳಾದ್ದರಿಂದ ಯಾರೂ ಎಣಿಸುವ ಗೋಜಿಗೆ ಹೋಗಲಿಲ್ಲ.

ಎಣಿಸುವ ಕಾಲ ಬಂದದ್ದು ಸಂಕರಣ ಬೀಜದಿಂದ. 1957ರಲ್ಲಿ ಅಖಿಲ ಭಾರತ ಮಟ್ಟದಲ್ಲಿ ಮೆಕ್ಕೆಜೋಳದ ಸಂಯೋಜಿತ ಸಂಶೋಧನಾ ಯೋಜನೆ ಶುರುವಾಯಿತು. 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಎಂಬ ಸಂಕರಣ ತಳಿಗಳು ಹೊರಬಂದವು. 1967ರಲ್ಲಿ ವಿಜಯ, ಕಿಸಾನ್ ಮುಂತಾದ ಕಾಂಪೋಸಿಟ್ ತಳಿಗಳು ಬಂದವು. ಕಾಂಪೋಸಿಟ್ ಬೀಜವನ್ನು ರೈತ ಎರಡು ಮೂರು ವರ್ಷ ಮನೆಯಲ್ಲೇ ಇಟ್ಟು ಬಿತ್ತಬಹುದಿತ್ತು. ಸಂಕರಣ ಬೀಜ ಹಾಗಲ್ಲ, ವರ್ಷ ವರ್ಷ ದುಡ್ಡು ಕೊಟ್ಟು ತರಲೇಬೇಕು. ನಮ್ಮ ಜಿಲ್ಲೆಗೆ 1947ರಲ್ಲಿ ಧಾರವಾಡದ ಕೃಷಿ ಕಾಲೇಜು, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂದವು. ಆ ವಿಶ್ವವಿದ್ಯಾಲಯದ ಅರಭಾವಿ ಕೇಂದ್ರದಲ್ಲಿ ಈ ಬೆಳೆಯ ಸಂಶೋಧನೆ ನಡೆಯುತ್ತದೆ. ಮುಂದೆ ಕೋಳಿ ಆಹಾರಕ್ಕೆ ಬೇಡಿಕೆ ಹೆಚ್ಚಿದಂತೆ ಗೋವಿನಜೋಳ ತೋಟದ ಬದುವಿನಿಂದ ಹೊಲಕ್ಕೆ ಇಳಿಯಿತು.

ದುಡ್ಡು ಕೊಟ್ಟು ಬೀಜ ತರಬೇಕೆಂದಾಗ ಸಹಕಾರಿ ಸಾಲದ ಮಹತ್ವ ತಿಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಸೀಮೆ ದೇಶಕ್ಕೇ ಹಿರಿಯಣ್ಣ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದೇ ಆ ಚಳವಳಿಯ ಉದ್ದೇಶ. ಇಂದಿಗೂ ಬೆಳೆಸಾಲದ ಲೆಕ್ಕ ಎಕರೆಗೆ ಇಂತಿಷ್ಟು ಎಂದೇ ಇದೆ. ಬೀಜವನ್ನೂ ಎಕರೆಗೆ ಇಂತಿಷ್ಟು ಪಾಕೀಟು ಎಂದೇ ಒಯ್ಯುತ್ತೇವೆ. ಆದರೆ ಎಕರೆ ಎಕರೆಗೆ ಮಣ್ಣು ಒಂದೇ ಇಲ್ಲವಲ್ಲ!

ಭತ್ತ, ಗೋದಿ ತೆಳುವಾದರೆ ಬುಡದಲ್ಲಿ ಮರಿ ಒಡೆದು ಜಾಗ ತುಂಬಿಕೊಳ್ಳುತ್ತವೆ. ಗೋವಿನಜೋಳಕ್ಕೆ ಆ ಗುಣ ಬಹಳ ಕಡಿಮೆ. ಬಹುಮಟ್ಟಿಗೆ ಒಂದು ಗಿಡಕ್ಕೆ ಒಂದೇ ತೆನಿ. ಗಿಡ ಕಡಿಮೆಯಾದರೆ ನೆಲ ಖಾಲಿ ಉಳಿಯಿತು, ಅಷ್ಟು ಇಳುವರಿ ಹೋಯಿತು. ಹಾಗಂತ ಒತ್ತಾಗಿ ಬಿತ್ತಿದರೂ ಕಷ್ಟವೇ. ಮೃಗಶಿರಕ್ಕೆ ಬಿತ್ತಿದ ಬೆಳೆ ಆಶ್ಲೇಷಾ, ಮಘಾ ಮಳೆಯ ಹೊತ್ತಿಗೆ ಸೂಲಂಗಿ ಬಿಡುತ್ತದೆ. ಆಗ ಮಳೆ ಕೈಕೊಟ್ಟರೆ, ಒತ್ತಾದ ಗಿಡಗಳಲ್ಲಿ ತೆನಿಯ ರೇಷ್ಮೆ ಎಳೆ ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿ ಹೋಗಿರುತ್ತದೆ. ಕಾಳು ಕಟ್ಟದೆ ತೆನಿ ಬೋಳಾಗುತ್ತದೆ, ಕೆಲವು ಗಿಡ ತೆನಿಯನ್ನೇ ಬಿಡುವುದಿಲ್ಲ. ದಂಟು ಸಣ್ಣಗಾಗಿ ಗಾಳಿಗೆ ಬೀಳುವುದು ಬೇರೆ. ನೋಡಲಿಕ್ಕೆ ಹೊಲ ಹಸಿರು, ಕಣಕ್ಕೆ ಬಂದಾಗ ಬರೀ ಸೊಪ್ಪೆ.

ಅಮೆರಿಕದಲ್ಲಿ 1930ರ ದಶಕದಲ್ಲಿ ಎಕರೆಗೆ ಸುಮಾರು 12 ಸಾವಿರ ಗಿಡ ನಿಲ್ಲಿಸುತ್ತಿದ್ದರು, ಈಗ 30 ಸಾವಿರದ ಮೇಲೆ. ಅಲ್ಲಿ ಇಳುವರಿ ಏರಿದ್ದಕ್ಕೆ ಒಂದು ದೊಡ್ಡ ಕಾರಣ, ಒತ್ತಾಗಿ ನಿಂತರೂ ತೆನಿ ಬಿಡುವ ತಳಿಗಳನ್ನು ವರ್ಷಾನುಗಟ್ಟಲೆ ಆರಿಸಿ ತೆಗೆದದ್ದು. ಅದರ ಜೊತೆಗೆ ಗೊಬ್ಬರವೂ ಬೇಕು, ನೆಲದಲ್ಲಿ ಹಸಿಯೂ ಬೇಕು. ತಳಿ ಹೊಸದೆಂದು ಮಸಾರಿ ಹೊಲಕ್ಕೂ ಅದೇ ಲೆಕ್ಕ ಹಾಕಿದರೆ ನಡೆಯದು.

ನಮ್ಮ ಜಿಲ್ಲೆಯೊಳಗೇ ಎಷ್ಟು ಭೇದ ನೋಡಿರಿ. ಕಲಘಟಗಿ ಮಲೆನಾಡಿನ ಸೆರಗು, ಮಳೆ ಹೆಚ್ಚು. ಧಾರವಾಡ, ಹುಬ್ಬಳ್ಳಿ, ಕುಂದಗೋಳ ಅರೆ ಮಲೆನಾಡು. ನವಲಗುಂದ ಬಯಲುಸೀಮೆಯ ಎರೆ ನೆಲ, ಮಳೆ ಕಡಿಮೆ, ಕೆಲವೆಡೆ ಮಲಪ್ರಭಾ ಕಾಲುವೆ ನೀರು. ಸಾಮಾನ್ಯ ಶಿಫಾರಸು ಎಕರೆಗೆ 6ರಿಂದ 8 ಕಿಲೋ ಬೀಜ. ಇದರೊಳಗೆ ನಮ್ಮ ಹೊಲಕ್ಕೆ ಹೊಂದುವ ಲೆಕ್ಕ ನಾವೇ ಮಾಡಬೇಕು. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಇಟ್ಟರೆ ಎಕರೆಗೆ ಸುಮಾರು 22 ಸಾವಿರ ಗಿಡ. 75 ಮತ್ತು 20 ಇಟ್ಟರೆ 27 ಸಾವಿರ. 60 ಮತ್ತು 20 ಇಟ್ಟರೆ 33 ಸಾವಿರದ ಮೇಲೆ. ಮಳೆಯನ್ನೇ ನಂಬಿದ ತೆಳುವು ಮಸಾರಿ ನೆಲಕ್ಕೆ ಮೊದಲನೆಯ ಲೆಕ್ಕದ ಹತ್ತಿರ ಇರುವುದು ಕ್ಷೇಮ. ಆಳದ ಎರೆ ಮಣ್ಣು, ಗೊಬ್ಬರ, ಬೇಕೆಂದಾಗ ನೀರು ಇದ್ದವರು ಮುಂದಿನ ಲೆಕ್ಕಕ್ಕೆ ಹೋಗಬಹುದು. ಎರೆಯಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ಮಾತ್ರ ಬೇಕೇ ಬೇಕು.

ಇನ್ನೊಂದು ಮಾತು. ಕಿಲೋ ಲೆಕ್ಕ ಬೇರೆ, ಕಾಳಿನ ಲೆಕ್ಕ ಬೇರೆ. 27 ಸಾವಿರ ಗಿಡ ನಿಲ್ಲಬೇಕು, ನೂರಕ್ಕೆ 90 ಮೊಳೆಯುತ್ತವೆ ಎಂದಾದರೆ 30 ಸಾವಿರ ಕಾಳು ಹಾಕಬೇಕು. ಸಾವಿರ ಕಾಳು 250 ಗ್ರಾಂ ತೂಗಿದರೆ ಏಳೂವರೆ ಕಿಲೋ ಸಾಕು, 300 ಗ್ರಾಂ ತೂಗಿದರೆ 9 ಕಿಲೋ ಬೇಕು. ಆದ್ದರಿಂದ ಪಾಕೀಟು ಒಡೆದ ದಿನವೇ ನೂರು ಕಾಳು ಎಣಿಸಿ ತೂಗಿ ನೋಡಬೇಕು. ಅದೇ ನೂರನ್ನು ಹಸಿ ಗೋಣಿತಾಟಿನಲ್ಲಿ ಸುತ್ತಿಟ್ಟು ಮೊಳಕೆ ಎಣಿಸಬೇಕು.

ಬೆಳೆ ಎದ್ದ ಮೇಲೆಯೂ ಎಣಿಕೆ ಸುಲಭ. ಸಾಲುಗಳ ನಡುವೆ ಎರಡಡಿ ಇದ್ದರೆ, ಒಂದು ಸಾಲಿನಲ್ಲಿ 21 ಅಡಿ 9 ಇಂಚು ಹಗ್ಗ ಹಿಡಿದು ಗಿಡ ಎಣಿಸಿರಿ. ಅದು ಎಕರೆಯ ಸಾವಿರದಲ್ಲೊಂದು ಪಾಲು. 24 ಗಿಡ ಸಿಕ್ಕರೆ ಎಕರೆಗೆ 24 ಸಾವಿರ ಎಂದರ್ಥ. ಹೊಲದ ಐದಾರು ಕಡೆ ಎಣಿಸಿ ಸರಾಸರಿ ತೆಗೆದರೆ ಸಾಕು, ಶಾಲೆಗೆ ಹೋಗುವ ಮಕ್ಕಳೂ ಮಾಡಬಲ್ಲರು.

ಸಂಘದಲ್ಲಿ ಸಾಲದ ವಹಿ ಇದೆ, ಗೊಬ್ಬರದ ವಹಿ ಇದೆ. ಬೆಳ್ಳಿ ಹಬ್ಬದ ಈ ವರ್ಷದಿಂದ ಬಿತ್ತನೆಯದೂ ಒಂದು ವಹಿ ಇಡೋಣ ಎಂಬುದು ನಮ್ಮ ವಿನಂತಿ. ಯಾರ ಹೊಲ, ಯಾವ ಮಣ್ಣು, ಯಾವ ಮಳೆಗೆ ಬಿತ್ತಿದ್ದು, ಎಕರೆಗೆ ಎಷ್ಟು ಗಿಡ ನಿಂತವು, ಎಷ್ಟು ಕ್ವಿಂಟಲ್ ಬಂತು, ಇಷ್ಟೇ ಬರೆದರಾಯಿತು. ಐದು ವರ್ಷ ಒಳ್ಳೆಯ ಮಳೆಯದೂ ಬರದ್ದೂ ಸೇರಿ ಬರೆದಿಟ್ಟರೆ, ಎಕರೆಗೆ ಎಷ್ಟು ಹಾಕಬೇಕೆಂಬ ಪ್ರಶ್ನೆಗೆ ನಮ್ಮೂರ ಮಣ್ಣಿನದೇ ಉತ್ತರ ನಮ್ಮ ಕೈಯಲ್ಲಿರುತ್ತದೆ. ಸಾಲ ತಂದ ಬೀಜ ಒಂದು ಕಾಳೂ ವ್ಯರ್ಥವಾಗದಿರಲಿ ಎಂದು ಹಾರೈಸುತ್ತೇವೆ.