ಅಲ್ಪಪದಗಳ ಎಣಿಕೆಯೂ ಮನಸ್ಸಿನ ಅಳತೆಯೂ

ಮಾತಿನ ಮೂಲಕ ಮನಸ್ಸನ್ನು ಅರಿಯುವ ಹಂಬಲವು ಹಳೆಯದಾದರೂ, ಅದನ್ನು ಎಣಿಕೆಗೆ ಒಳಪಡಿಸುವ ಶಾಸ್ತ್ರವು ತೀರ ಈಚಿನದು. 1901ರಲ್ಲಿ ಫ್ರಾಯ್ಡನು ಬಾಯ್ತಪ್ಪಿ ಹೊರಬಿದ್ದ ಮಾತುಗಳಲ್ಲಿ ಅದುಮಿಟ್ಟ ಆಶಯಗಳನ್ನು ಹುಡುಕಿದಾಗ, ಆ ಶೋಧನೆಯ ಯಶಸ್ಸೆಲ್ಲವೂ ವ್ಯಾಖ್ಯಾನಕಾರನ ಪ್ರತಿಭೆಯನ್ನೇ ಅವಲಂಬಿಸಿದ್ದಿತು. ಮುಂದೆ ಅಮೆರಿಕದ ಗಾಟ್‌ಶಾಕ್ ಮತ್ತು ಗ್ಲೇಸರ್ ಎಂಬ ವಿದ್ವಾಂಸರು ಐದು ನಿಮಿಷಗಳ ಮಾತನ್ನು ಬರೆಯಿಸಿಕೊಂಡು, ಉಪವಾಕ್ಯವೊಂದೊಂದಕ್ಕೂ ಅಂಕವಿತ್ತು, ಆತಂಕವನ್ನೂ ದ್ವೇಷವನ್ನೂ ಅಳೆದರು. 1966ರಲ್ಲಿ ಹಾರ್ವರ್ಡಿನ ಫಿಲಿಪ್ ಸ್ಟೋನ್ ಮತ್ತು ಸಂಗಡಿಗರು ‘ಜನರಲ್ ಇನ್‌ಕ್ವೈರರ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ ಎಣಿಕೆಯ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ಇವರ ದೃಷ್ಟಿಯು ಬಹುಮಟ್ಟಿಗೆ ಮಾತಿನ ವಿಷಯದ ಮೇಲಿದ್ದಿತೇ ಹೊರತು ಶೈಲಿಯ ಮೇಲಲ್ಲ. ಸರ್ವನಾಮ, ನಿಷೇಧಪದ ಮೊದಲಾದ ಕ್ಷುದ್ರವೆನಿಸುವ ಪದಗಳಿಗೆ ಕಿವಿಗೊಟ್ಟ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬನ ಶ್ರಮವೇ ಮುಂದಿನ ಕಟ್ಟಡಕ್ಕೆ ನಿಜವಾದ ಅಡಿಗಲ್ಲೆಂದು ನನ್ನ ಭಾವನೆ.

ಈ ಕ್ಷೇತ್ರದ ಗತಿಯನ್ನೇ ತಿರುಗಿಸಿದ ಜೇಮ್ಸ್ ಪೆನ್ನೆಬೇಕರನಾದರೋ ಪದಗಳನ್ನು ಎಣಿಸಲೆಂದು ಹೊರಟವನಲ್ಲ. ತಮ್ಮ ಬಾಳಿನ ಆಘಾತಗಳನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದ ವಿದ್ಯಾರ್ಥಿಗಳು ಅನಂತರದ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋಗುವುದು ಕಡಿಮೆಯಾಯಿತೆಂಬುದನ್ನು 1986ರಲ್ಲಿ ಅವನು ಪ್ರಕಟಿಸಿದನು. ಬರವಣಿಗೆಯ ಯಾವ ಗುಣದಿಂದ ಈ ಫಲವೆಂದು ತಿಳಿಯಲು ಇಂತಹ ಬರಹಗಳನ್ನು ಪರೀಕ್ಷಕರ ಕೈಗಿತ್ತಾಗ, ಒಬ್ಬರ ಅಂಕವು ಇನ್ನೊಬ್ಬರದಕ್ಕೆ ಹೊಂದದೆ ಹೋದುದಲ್ಲದೆ, ಸಾಲಾಗಿ ದುಃಖದ ಕಥೆಗಳನ್ನೋದಿದ ಪರೀಕ್ಷಕರೇ ಖಿನ್ನರಾದರು! ದಣಿಯದ, ದುಃಖಿಸದ ಓದುಗನೊಬ್ಬನು ಬೇಕಾಗಿದ್ದನು. ಮಾರ್ತಾ ಫ್ರಾನ್ಸಿಸಳೊಡಗೂಡಿ ತೊಂಬತ್ತರ ದಶಕದಲ್ಲಿ ಅವನು ರಚಿಸಿದ ‘ಲ್ಯೂಕ್’ ಎಂಬ ತಂತ್ರಾಂಶವು ಅಂತಹ ಓದುಗ. ಪಠ್ಯದ ಒಂದೊಂದು ಪದವನ್ನೂ ಅದು ತನ್ನ ನಿಘಂಟಿನಲ್ಲಿ ಹುಡುಕಿ, ಆ ಪದ ಸೇರಿದ ವರ್ಗಗಳಿಗೆಲ್ಲ ಲೆಕ್ಕ ಹಾಕಿ, ಕೊನೆಗೆ ಶೇಕಡಾವಾರನ್ನು ಒಪ್ಪಿಸುತ್ತದೆ. ‘ಕ್ರೈಡ್’ ಎಂಬ ಒಂದೇ ಇಂಗ್ಲಿಷ್ ಪದವು ದುಃಖ, ಋಣಾತ್ಮಕ ಭಾವ, ಸಾಮಾನ್ಯ ಭಾವ, ಕ್ರಿಯಾಪದ, ಭೂತಕಾಲ ಎಂಬ ಐದು ಖಾತೆಗಳಿಗೂ ಅದರ ಹಿಂದಿನ ಆವೃತ್ತಿಗಳಲ್ಲಿ ಜಮೆಯಾಗುತ್ತಿದ್ದಿತು. ವ್ಯಂಗ್ಯವಾಗಲಿ ಸಂದರ್ಭವಾಗಲಿ ಈ ತಂತ್ರಾಂಶಕ್ಕೆ ತಿಳಿಯದು.

ಅಚ್ಚರಿಯೆಂದರೆ, ಭಾವವನ್ನು ಹೆಸರಿಸುವ ಪದಗಳಿಗಿಂತ ಸರ್ವನಾಮಾವ್ಯಯಗಳೇ ಹಲವೆಡೆ ಹೆಚ್ಚು ನುಡಿದುವು. ಇಂಗ್ಲಿಷಿನಲ್ಲಿ ಇಂತಹವು ಐನೂರನ್ನು ಮೀರವು. ಆದರೂ ಬಳಕೆಯ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವುಗಳದೇ, ಮತ್ತು ಆಡುವವನು ಅವನ್ನು ಆಲೋಚಿಸಿ ಆರಿಸುವುದೂ ಅಪರೂಪ. ಆತ್ಮಹತ್ಯೆ ಮಾಡಿಕೊಂಡ ಒಂಬತ್ತು ಕವಿಗಳ ರಚನೆಗಳನ್ನು ಬೇರೆ ಒಂಬತ್ತು ಕವಿಗಳ ರಚನೆಗಳೊಡನೆ ಹೋಲಿಸಿದ 2001ರ ಅಧ್ಯಯನದಲ್ಲಿ, ಮೊದಲಿನವರಲ್ಲಿ ಉತ್ತಮಪುರುಷ ಏಕವಚನವು ಹೆಚ್ಚಾಗಿ ಕಂಡಿತು; 2003ರಲ್ಲಿ ಸುಳ್ಳಾಡುವವರಲ್ಲಿ ಅದೇ ಸರ್ವನಾಮವು ಕಡಿಮೆಯೆಂದು ತಿಳಿಯಿತು. ಆದರೆ ಸುಳ್ಳನ್ನೂ ನಿಜವನ್ನೂ ಬೇರ್ಪಡಿಸುವುದರಲ್ಲಿ ಯಂತ್ರವು ಒಟ್ಟಾರೆ ಸರಿಯಾದುದು ಶೇ. 61ರಷ್ಟು ಮಾತ್ರ, ಕಣ್ಮುಚ್ಚಿ ಊಹಿಸಿದರೂ ಶೇ. 50 ದೊರೆಯುತ್ತಿದ್ದುದನ್ನು ನೆನೆದರೆ, ಇದನ್ನು ನ್ಯಾಯಾಲಯದ ಸಾಕ್ಷ್ಯವೆನ್ನುವ ಧೈರ್ಯ ಯಾರಿಗೂ ಬಾರದು.

ಸಿದ್ಧನಿಘಂಟಿನ ಹಂಗನ್ನೇ ತೊರೆದು, ಸುಮಾರು 75,000 ಮಂದಿಯ ಫೇಸ್‌ಬುಕ್ ಬರಹಗಳಿಂದ ಪದಗಳು ತಾವಾಗಿ ಮೇಲೇಳುವಂತೆ ಮಾಡಿದ 2013ರ ಅಧ್ಯಯನವು ಇನ್ನೊಂದು ಮಾರ್ಗವನ್ನು ತೆರೆಯಿತು. ಹಳೆಯ ಮಾರ್ಗದ ಫಲಗಳೂ ಮರುಪರೀಕ್ಷೆಗೆ ಒಳಗಾದುವು: ‘ನಾನು’ ಎಂಬುದರ ಬಳಕೆಗೂ ಖಿನ್ನತೆಗೂ ಇರುವ ಸಹಸಂಬಂಧವು 2017ರ ಸಮಗ್ರ ವಿಶ್ಲೇಷಣೆಯಲ್ಲಿ 0.13ರಷ್ಟು ದುರ್ಬಲವೆಂದು ಕಂಡಿತು; ಆತ್ಮರತಿಯೊಡನೆ ಅದಕ್ಕೆ ಸಂಬಂಧವೇ ಇಲ್ಲವೆಂಬಷ್ಟು ಅಲ್ಪವೆಂದು 2015ರಲ್ಲಿಯೇ ತಿಳಿದಿತ್ತು. ಸಮೂಹದ ಸರಾಸರಿಗೆ ಒಪ್ಪುವ ಈ ಅಳತೆಗೋಲಿನಿಂದ ಒಬ್ಬ ವ್ಯಕ್ತಿಯ ಮನೋರೋಗವನ್ನು ನಿರ್ಣಯಿಸಹೊರಡುವುದು ಅವಿವೇಕವೇ ಸರಿ.

ಕನ್ನಡಕ್ಕೆ ಈ ಎಣಿಕೆಯನ್ನು ತರುವವರಿಗೆ ತೊಡಕು ಬೇರೆ ಬಗೆಯದು. ನಮ್ಮಲ್ಲಿ ‘ಬಂದೆ’ ಎಂದರೆ ಸಾಕು, ಕರ್ತೃವು ಪ್ರತ್ಯಯದಲ್ಲಿಯೇ ಅಡಗಿರುತ್ತದೆ. ‘ಅರಿಯೆನು’ ಎಂಬಲ್ಲಿ ಕ್ರಿಯೆ, ನಿಷೇಧ, ಉತ್ತಮಪುರುಷ ಮೂರೂ ಒಂದೇ ಪದದೊಳಗಿವೆ. ಇಂಗ್ಲಿಷಿನ ಉಪಸರ್ಗಗಳ ಕೆಲಸವನ್ನು ಬಹುಪಾಲು ವಿಭಕ್ತಿಗಳೇ ನಡೆಸುತ್ತವೆ. ಆದಕಾರಣ ಇಲ್ಲಿ ಮೊದಲು ಬೇಕಾದುದು ಅನುವಾದಿಸಿದ ನಿಘಂಟಲ್ಲ, ಸಂಧಿಯನ್ನು ಬಿಡಿಸಿ, ಪ್ರಕೃತಿಪ್ರತ್ಯಯಗಳನ್ನು ವಿಂಗಡಿಸಿ, ಬಳಿಕ ಪ್ರತ್ಯಯಗಳನ್ನೇ ಎಣಿಸಬಲ್ಲ ತಂತ್ರಾಂಶ.