ರೋಮಿನ ಸಂಘಗಳು ಮತ್ತು ಕಾನೂನಿನ ವ್ಯಕ್ತಿತ್ವ

ಪ್ರಾಚೀನ ರೋಮಿನಲ್ಲಿ ಕಸುಬುದಾರರೂ ಒಂದೇ ದೇವತೆಯ ಆರಾಧಕರೂ ಕಟ್ಟಿಕೊಳ್ಳುತ್ತಿದ್ದ ಸಂಘಗಳಿಗೆ ಕೊಲೀಜಿಯಂ ಎಂಬ ಹೆಸರಿತ್ತು. ಲಾನುವಿಯಂ ಪಟ್ಟಣದ ಕ್ರಿ.ಶ. 136ರ ಶಾಸನದಲ್ಲಿ ಅಂಥದೊಂದು ಸಂಘದ ನಿಯಮಾವಳಿಯೇ ಉಳಿದಿದ್ದು, ಅದರಂತೆ ಹೊಸ ಸದಸ್ಯನು 100 ಸೆಸ್ಟರ್ಸ್ ನಾಣ್ಯಗಳನ್ನೂ ಒಳ್ಳೆಯ ದ್ರಾಕ್ಷಾರಸವನ್ನೂ ಕೊಟ್ಟು, ಬಳಿಕ ತಿಂಗಳ ವಂತಿಗೆ ಸಲ್ಲಿಸಿದರೆ, ಅವನ ಅಂತ್ಯಕ್ರಿಯೆಗೆ ಸಂಘವೇ ಹಣ ಒದಗಿಸುತ್ತಿತ್ತು. ಗುಲಾಮ ಸದಸ್ಯನ ಶವವನ್ನು ಒಡೆಯನು ಕೊಡಲೊಪ್ಪದಿದ್ದರೆ ಪ್ರತಿಮೆಗಾದರೂ ಸಂಸ್ಕಾರ ನಡೆಯಬೇಕೆಂಬ ವಿಧಿಯು ಈ ಶಾಸನದ ಅತ್ಯಂತ ಮಾನವೀಯ ಭಾಗ.

ಗಲಭೆಗೆ ಅಂಜಿ ಸೆನೆಟ್ ಕ್ರಿ.ಪೂ. 64ರಲ್ಲೇ ಹಲವು ಸಂಘಗಳನ್ನು ನಿಷೇಧಿಸಿತ್ತು. ಅನುಮತಿ ಪಡೆದವು ಮಾತ್ರ ನಗರಗಳ ಮಾದರಿಯಲ್ಲಿ ಸಾಮಾನ್ಯ ನಿಧಿಯನ್ನೂ ನ್ಯಾಯಾಲಯದಲ್ಲಿ ತಮ್ಮ ಪರ ನಿಲ್ಲುವ ಪ್ರತಿನಿಧಿಯನ್ನೂ ಹೊಂದಬಹುದೆಂದು ನ್ಯಾಯಶಾಸ್ತ್ರಜ್ಞ ಗಾಯಸ್ ವಿವರಿಸಿದರೆ, ಮುಂದೆ ಅಲ್ಪಿಯನ್ ಎಂಬ ಇನ್ನೊಬ್ಬ ನ್ಯಾಯಶಾಸ್ತ್ರಜ್ಞನು, ಸಮುದಾಯದ ಸಾಲ ಸದಸ್ಯರ ಸಾಲವಲ್ಲವೆಂದು ನಿರ್ಣಯಿಸಿದನು. ಸಂಘವು ತನ್ನ ಸದಸ್ಯರಿಂದ ಬೇರೆಯಾದುದೆಂಬ ಈ ವಿಚಾರಕ್ಕೆ ‘ಕಲ್ಪಿತ ವ್ಯಕ್ತಿ’ ಎಂಬ ಸಿದ್ಧಾಂತದ ರೂಪ ದೊರೆತದ್ದು 13ನೇ ಶತಮಾನದ ಚರ್ಚಿನ ಕಾನೂನು ಪಂಡಿತರಿಂದ.