ಡೇವಿಡ್ ಮಾರ್: ಉಲ್ಲೇಖಗಳ ಎಣಿಕೆ ಮತ್ತು ಓದು

ದೃಶ್ಯಗ್ರಹಿಕೆಯ ಅಧ್ಯಯನದಲ್ಲಿ ಡೇವಿಡ್ ಮಾರ್ ಅವರಷ್ಟು ಕಡಿಮೆ ಕಾಲದಲ್ಲಿ ಅಷ್ಟು ಆಳವಾದ ಗುರುತು ಬಿಟ್ಟುಹೋದವರು ವಿರಳ. 1969ರಿಂದ 1971ರೊಳಗೆ ಕಿರುಮೆದುಳು, ಮಿದುಳಿನ ತೊಗಟೆ ಮತ್ತು ಸ್ಮೃತಿಯನ್ನು ಕುರಿತು ಮೂರು ಸೈದ್ಧಾಂತಿಕ ಪ್ರಬಂಧಗಳನ್ನು ಪ್ರಕಟಿಸಿದ ಅವರು, ಕೇಂಬ್ರಿಜ್ ಬಿಟ್ಟು ಎಂಐಟಿಗೆ ಹೋದ ಮೇಲೆ ನೋಟದ ವಿಷಯಕ್ಕೆ ತಿರುಗಿದರು. 1980ರ ನವೆಂಬರಿನಲ್ಲಿ, 35ನೆಯ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ‘ವಿಷನ್’ ಗ್ರಂಥ ಹೊರಬಂದದ್ದು 1982ರಲ್ಲಿ. ಸಂಶೋಧಕರ ಪ್ರಭಾವವನ್ನು ಉಲ್ಲೇಖಗಳಿಂದ ಅಳೆಯಲು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಪ್ರಕಾರ, ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಪ್ರಕಟಣೆಗಳಿದ್ದರೆ ಸೂಚ್ಯಂಕ 20. ಅದು ಪ್ರಕಟಣೆಗಳ ಸಂಖ್ಯೆಯನ್ನು ಎಂದೂ ಮೀರದು. ಹಾಗಾಗಿ ಮಾರ್ ಅವರ ಸೂಚ್ಯಂಕಕ್ಕೆ ಅವರ ಸಾವೇ ಮಿತಿ ಹಾಕಿತು. ‘ವಿಷನ್’ಗೆ ಎಷ್ಟು ಸಾವಿರ ಉಲ್ಲೇಖಗಳು ಬಂದರೂ ಅಲ್ಲಿ ಅದು ಒಂದೇ ಪ್ರಕಟಣೆ. ಈ ಕೊರತೆ ಎಲ್ಲರಿಗೂ ಗೊತ್ತಿರುವಂಥದ್ದೇ. ನನ್ನ ವಾದ ಬೇರೆ: ಒಟ್ಟು ಉಲ್ಲೇಖಗಳನ್ನು ಒಂದೂ ಬಿಡದೆ ಎಣಿಸಿದರೂ ಈ ಸಂಶೋಧಕನ ಪ್ರಭಾವ ಯಾವುದು ಎಂಬುದು ತಿಳಿಯುವುದಿಲ್ಲ. ಏಕೆಂದರೆ ಒಂದೇ ಎಣಿಕೆಯೊಳಗೆ ಬಿದ್ದುಹೋದ ಸಿದ್ಧಾಂತವೂ ಉಳಿದುಬಂದ ವಿಚಾರವೂ ಸೇರಿಕೊಂಡಿರುತ್ತವೆ.

1980ರಲ್ಲಿ ಎಲೆನ್ ಹಿಲ್ಡ್ರೆತ್ ಜೊತೆ ಮಾರ್ ಪ್ರಕಟಿಸಿದ ಅಂಚು-ಪತ್ತೆಯ ಸಿದ್ಧಾಂತವನ್ನು ನೋಡೋಣ. ಚಿತ್ರವನ್ನು ಮೊದಲು ಗಾಸಿಯನ್ ಶೋಧಕದಿಂದ ಮಸುಕುಗೊಳಿಸಬೇಕು. ಆಮೇಲೆ ಬೆಳಕಿನ ತೀವ್ರತೆಯ ಎರಡನೆಯ ನಿಷ್ಪನ್ನವನ್ನು ಲೆಕ್ಕಹಾಕಬೇಕು. ಆ ಬೆಲೆ ಧನದಿಂದ ಋಣಕ್ಕೆ ಅಥವಾ ಋಣದಿಂದ ಧನಕ್ಕೆ ಹೊರಳುವಲ್ಲಿ ಅಂಚಿದೆ ಎಂದು ತಿಳಿಯಬೇಕು. ಅಕ್ಷಿಪಟದ ಕೋಶಗಳಲ್ಲಿ ನಡುಭಾಗವೂ ಸುತ್ತಲಿನ ಭಾಗವೂ ಬೆಳಕಿಗೆ ವಿರುದ್ಧವಾಗಿ ಪ್ರತಿಕ್ರಿಯಿಸುವುದಕ್ಕೆ ಈ ಲೆಕ್ಕ ಸೊಗಸಾಗಿ ಹೊಂದುತ್ತಿತ್ತು. ಆದರೆ ಮೂಲೆಗಳಲ್ಲಿ ಈ ಅಂಚುಗಳು ನಿಜವಾದ ಜಾಗದಿಂದ ಸರಿಯುತ್ತವೆ, ಇಲ್ಲದ ಕಡೆಯೂ ಹುಟ್ಟಿಕೊಳ್ಳುತ್ತವೆ. 1986ರಲ್ಲಿ ಜಾನ್ ಕ್ಯಾನಿ ಬೇರೆ ವಿಧಾನ ಕೊಟ್ಟ ಮೇಲೆ ಕಂಪ್ಯೂಟರ್ ದೃಷ್ಟಿಯಲ್ಲಿ ಬಳಕೆ ಆ ಕಡೆಗೇ ಹೊರಳಿತು. ಹೊಸ ವಿಧಾನ ಮಂಡಿಸುವವರು ಹಳೆಯದನ್ನು ಹೆಸರಿಸಿಯೇ ಅದರ ಕೊರತೆ ತೋರಿಸಬೇಕು. ಖಂಡನೆಯೂ ಉಲ್ಲೇಖವೇ, ಎಣಿಕೆಯಲ್ಲಿ ಅದಕ್ಕೂ ಒಂದು ಅಂಕ.

‘ವಿಷನ್’ನ ಕಥೆ ಇದಕ್ಕಿಂತ ಭಿನ್ನ. ನೋಡುವ ವ್ಯವಸ್ಥೆ ಏನನ್ನು, ಯಾಕೆ ಲೆಕ್ಕಹಾಕುತ್ತದೆ, ಯಾವ ಕ್ರಮದಲ್ಲಿ ಅದನ್ನು ಮಾಡುತ್ತದೆ, ನರಕೋಶಗಳಲ್ಲಿ ಅದು ಹೇಗೆ ನಡೆಯುತ್ತದೆ ಎಂಬ ಮೂರು ಹಂತಗಳನ್ನು ಈ ಗ್ರಂಥ ಬೇರ್ಪಡಿಸಿತು. ಅಂಚು-ಪತ್ತೆಯ ವಿವರಗಳು ಬದಿಗೆ ಸರಿದ ಮೇಲೂ ಈ ವಿಂಗಡಣೆ ಉಳಿಯಿತು. ನೋಟಕ್ಕೆ ಸಂಬಂಧವೇ ಇಲ್ಲದ ಭಾಷೆ, ಕಲಿಕೆ, ತಾರ್ಕಿಕತೆಯ ಅಧ್ಯಯನಗಳಿಗೂ ಹಬ್ಬಿತು. 2010ರಲ್ಲಿ ಎಂಐಟಿ ಪ್ರೆಸ್ ಗ್ರಂಥವನ್ನು ಮತ್ತೆ ಮುದ್ರಿಸಿದಾಗ ಅದಕ್ಕೆ ಹಿನ್ನುಡಿ ಬರೆದ ಟೊಮಾಸೊ ಪೊಜಿಯೊ, ಈ ಹಂತಗಳ ವಿಚಾರವನ್ನು 1970ರ ದಶಕದಲ್ಲಿ ಮಾರ್ ಜೊತೆ ಕೂತು ರೂಪಿಸಿದವರು. ಆದರೆ ಹೆಚ್ಚಿನವರು ಉಲ್ಲೇಖಿಸುವುದು ಮಾರ್ ಒಬ್ಬರ ಹೆಸರಿನ ಗ್ರಂಥವನ್ನು. ಪೊಜಿಯೊ ಪಾಲಿನ ಶ್ರಮ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಇದು ಸಣ್ಣ ಅನ್ಯಾಯವಲ್ಲ.

ಮಾರ್ ಅಪವಾದ, ಅಪವಾದದಿಂದ ನಿಯಮ ಕಟ್ಟಲಾಗದು ಎಂದು ಆಕ್ಷೇಪಿಸಬಹುದು. ಅವರ ಅಕಾಲ ಮರಣ ಅಪವಾದ, ನಿಜ. ಆದರೆ ಖಂಡನೆಯೂ ಅಂಕ ತರುವುದು ಅಪವಾದವಲ್ಲ. ಬೇರುಬಿಟ್ಟ ವಿಚಾರ ಎಲ್ಲರ ಸ್ವತ್ತಾಗಿ, ಅದರ ಮೂಲದ ಉಲ್ಲೇಖ ನಿಂತುಹೋಗುವುದೂ ಅಪವಾದವಲ್ಲ. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1962ರಲ್ಲಿ ಬೆಕ್ಕಿನ ದೃಶ್ಯತೊಗಟೆಯಲ್ಲಿ ಬೇರ್ಪಡಿಸಿ ತೋರಿಸಿದ ಸರಳ ಮತ್ತು ಸಂಕೀರ್ಣ ಕೋಶಗಳನ್ನು ಇಂದಿನ ಹಲವು ಬರಹಗಳು ಮೂಲ ಪ್ರಬಂಧದ ಹಂಗಿಲ್ಲದೆ ಹೇಳುತ್ತವೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ಪ್ರಕ್ರಿಯೆಯನ್ನು ಹಿಂದೆಯೇ ಗುರುತಿಸಿದ್ದರು.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಎಣಿಕೆಯನ್ನು ಬಿಟ್ಟರೆ ನೇಮಕಾತಿ ಸಮಿತಿಗಳು ಪರಿಚಯ, ಶಿಫಾರಸು, ಸಂಸ್ಥೆಯ ಹೆಸರಿಗೆ ಮಣಿಯುತ್ತವೆ. ಅಂಕಿಯಾದರೆ ಎಲ್ಲರಿಗೂ ಒಂದೇ. ಈ ಭಯ ಸಕಾರಣ, ಅದಕ್ಕಾಗಿಯೇ ಎಣಿಕೆಯನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಮೌಲ್ಯಮಾಪಕರು ಅಭ್ಯರ್ಥಿಯ ಮುಖ್ಯ ಪ್ರಬಂಧಗಳನ್ನು ಉಲ್ಲೇಖಿಸಿದ ಕೆಲವು ಲೇಖನಗಳನ್ನಾದರೂ ತೆರೆದು, ಉಲ್ಲೇಖ ಬಂದ ವಾಕ್ಯವನ್ನು ಓದಿ, ಅಲ್ಲಿರುವುದು ಬಳಕೆಯೋ, ಖಂಡನೆಯೋ, ಬರೀ ವಾಡಿಕೆಯೋ ಎಂದು ಬರೆದಿಡಲಿ. ಹಾಗೆ ಬರೆದಿಟ್ಟದ್ದನ್ನು ಮತ್ತೊಬ್ಬರು ಅದೇ ಲೇಖನಗಳ ಜೊತೆ ಇಟ್ಟು ತಾಳೆ ನೋಡಬಹುದು.